ಒಬ್ಬರೇ ಕಾರಿನಲ್ಲಿ ಹೊರಡುವ ಮೊದಲ ದಿನ: ಹಾಸನದಿಂದ ಎಷ್ಟು ದೂರ, ಯಾವ ದಾರಿ?

ಪ್ರಶ್ನೆ: ನಾನು ಹಾಸನದವಳು, ವಯಸ್ಸು ನಲವತ್ತಾರು. ಕಾರು ಕಲಿತು ವರ್ಷವಾಗುತ್ತಾ ಬಂತು. ಊರೊಳಗೆ ಧೈರ್ಯವಾಗಿ ಓಡಿಸುತ್ತೇನೆ. ಆದರೆ ಯಜಮಾನರು ಪಕ್ಕದಲ್ಲಿ ಇಲ್ಲದೆ ಹೆದ್ದಾರಿಗೆ ಇಳಿದಿಲ್ಲ. ಮಕ್ಕಳು ಹೊರಗೆ ಓದುತ್ತಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಒಬ್ಬಳೇ ಹೊರಟು ಸಂಜೆಗೆ ಮನೆ ಸೇರಬೇಕೆಂಬ ಆಸೆ ಬಹಳ ದಿನದಿಂದ ಇದೆ. ಬೇಲೂರು, ಹಳೇಬೀಡು, ಸಕಲೇಶಪುರದ ಮಂಜರಾಬಾದ್ ಕೋಟೆ, ಆಮೇಲೆ ಮುಳ್ಳಯ್ಯನಗಿರಿ, ಇಷ್ಟೂ ಒಂದೇ ದಿನದಲ್ಲಿ ಆಗುತ್ತದೆಯೇ? ಮನೆಯಲ್ಲಿ ‘ಒಬ್ಬಳೇ ಯಾಕೆ’ ಎನ್ನುತ್ತಾರೆ. ದಾರಿಯಲ್ಲಿ ಕಾರು ಕೆಟ್ಟರೆ ಏನು ಮಾಡುವುದು ಎಂಬ ಭಯ ನನಗೂ ಇದೆ.

ಉತ್ತರ: ಹೊರಡಿ. ಈ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಕಲಿಸುವುದು ನನ್ನ ಕಸುಬು. ನನ್ನ ಬಳಿ ಕಲಿತ ಹೆಂಗಸರಲ್ಲಿ ಅನೇಕರು ಪರವಾನಗಿ ಕೈಗೆ ಬಂದ ಮೇಲೆ ಮಾರುಕಟ್ಟೆ, ಶಾಲೆ, ಮದುವೆ ಮಂಟಪ, ಇಷ್ಟರಲ್ಲೇ ಉಳಿದುಬಿಡುತ್ತಾರೆ. ಪಕ್ಕದ ಆಸನದಲ್ಲಿ ಯಾರಾದರೂ ಇರುವವರೆಗೂ ಬ್ರೇಕ್ ಯಾವಾಗ ಹಿಡಿಯಬೇಕು, ಮುಂದಿನ ಲಾರಿಯನ್ನು ದಾಟಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಅರ್ಧ ಪಾಲು ಅವರದೇ ಆಗಿರುತ್ತದೆ. ಒಬ್ಬರೇ ಹೋದ ದಿನ ಆ ತೀರ್ಮಾನವೆಲ್ಲ ನಿಮ್ಮದಾಗುತ್ತದೆ. ಚಾಲನೆ ನಿಜವಾಗಿ ಕೈಗೆ ಹತ್ತುವುದು ಅಲ್ಲಿಂದ ಮುಂದೆ.

ಆದರೆ ನೀವು ಕಳಿಸಿದ ಪಟ್ಟಿಯನ್ನು ಒಪ್ಪಲಾರೆ. ಅಷ್ಟೂ ಊರು ಸುತ್ತಿ ಬಂದರೆ ಇನ್ನೂರು ಕಿಲೋಮೀಟರು ಮೀರುತ್ತದೆ. ನಮ್ಮ ಕಡೆಯ ರಸ್ತೆಗಳಲ್ಲಿ ಉಬ್ಬು, ತಿರುವು, ಊರು, ದನಕರು ಎಲ್ಲ ಸೇರಿ ಗಂಟೆಗೆ ಸರಾಸರಿ 40 ಕಿಲೋಮೀಟರು ಸಾಗಿದರೆ ಹೆಚ್ಚು. ಐದಾರು ಗಂಟೆ ಬರೀ ಸ್ಟಿಯರಿಂಗ್ ಹಿಡಿದು ಕೂರುವುದಾಗುತ್ತದೆ. ಕೋಟೆಯ ಮೆಟ್ಟಿಲು ಹತ್ತುವಾಗ ಹಳೇಬೀಡಿಗೆ ಹೊತ್ತಾಯಿತೆಂಬ ಚಿಂತೆ, ಹಳೇಬೀಡಿನಲ್ಲಿ ಗಿರಿಯ ಚಿಂತೆ. ಕೊನೆಗೆ ಕತ್ತಲಲ್ಲಿ ಸುಸ್ತಾದ ಕಣ್ಣಿನಿಂದ ಮನೆಗೆ ವಾಪಸಾಗಬೇಕು. ಒಬ್ಬರೇ ಓಡಿಸುವವರಿಗೆ ಮಧ್ಯೆ ಸ್ಟಿಯರಿಂಗ್ ಬದಲಿಸಿಕೊಳ್ಳಲು ಇನ್ನೊಬ್ಬರಿಲ್ಲ ಎಂಬುದನ್ನು ಮರೆಯಬೇಡಿ. ಮೊದಲ ದಿನಕ್ಕೆ ಒಟ್ಟು ನೂರು ಕಿಲೋಮೀಟರಿನ ಆಸುಪಾಸು ಸಾಕು. ಬೆಳಕಿರುವಾಗಲೇ ಮನೆ ಸೇರಬೇಕು. ಈ ಎರಡು ಗೆರೆಗಳ ಒಳಗೆ ದಿನವನ್ನು ಕೂರಿಸಿ.

ಸಕಲೇಶಪುರವನ್ನು ಯಾಕೆ ತೆಗೆಯುತ್ತೇನೆ ಎಂದರೆ, ಅದು ಬೆಂಗಳೂರು–ಮಂಗಳೂರು ಹೆದ್ದಾರಿ. ಬಂದರಿಗೆ ಹೋಗಿಬರುವ ಭಾರಿ ಟ್ಯಾಂಕರು, ಲಾರಿಗಳ ಸಾಲು ಹಗಲಿರುಳು ತಪ್ಪುವುದಿಲ್ಲ. 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ಆ ಹೆದ್ದಾರಿಯ ಪಕ್ಕದಲ್ಲೇ ಸಕಲೇಶಪುರ ದಾಟಿದ ಮೇಲೆ ಸಿಗುತ್ತದೆ. ಎಂಟು ಮೂಲೆಯ ನಕ್ಷತ್ರದ ಆಕಾರದ ಅದನ್ನು ನೋಡಲೇಬೇಕು, ಆದರೆ ಎರಡನೆಯ ಅಥವಾ ಮೂರನೆಯ ಸಲಕ್ಕೆ ಇಟ್ಟುಕೊಳ್ಳಿ. ಇನ್ನೊಂದು ಕಾರಣ ಆನೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಕಾಫಿ ತೋಟದ ನಡುವಿನ ರಸ್ತೆಗಳಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ಕಾಡಾನೆಗಳು ದಾಟುವುದು ಅಲ್ಲಿಯವರಿಗೆ ದಿನನಿತ್ಯದ ಸಂಗತಿ. ಹತ್ತಿರದ ದಾರಿ ಎಂದು ಮೊಬೈಲ್ ನಕ್ಷೆ ತೋರಿಸುವ ತೋಟದ ಒಳರಸ್ತೆಗೆ ಹೊತ್ತಲ್ಲದ ಹೊತ್ತಿನಲ್ಲಿ ಯಾವ ಕಾರಣಕ್ಕೂ ನುಗ್ಗಬೇಡಿ.

ಮುಳ್ಳಯ್ಯನಗಿರಿಯ ವಿಷಯ ಇನ್ನೂ ಸರಳ. ಸೀತಾಳಯ್ಯನಗಿರಿ ದಾಟಿದ ಮೇಲಿನ ಕೊನೆಯ ಹಾದಿ ಕಿರಿದು, ಕಡಿದು. ಎದುರಿನಿಂದ ವಾಹನ ಬಂದರೆ ಏರಿನಲ್ಲಿ ಹಿಂದಕ್ಕೆ ತೆಗೆಯಬೇಕಾಗುತ್ತದೆ, ಒಂದು ಬದಿ ಪ್ರಪಾತ. ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ವಾರಾಂತ್ಯದ ಗದ್ದಲದಲ್ಲಿ ಅದನ್ನು ಪಾಲಿಸುವವರು ಕಡಿಮೆ. ಅಲ್ಲಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತದ ನಿರ್ಬಂಧಗಳೂ ಆಗಾಗ ಬದಲಾಗುತ್ತವೆ. ಏರಿನಲ್ಲಿ ನಿಲ್ಲಿಸಿ, ಕಾರು ಹಿಂದಕ್ಕೆ ಜಾರದಂತೆ ಎತ್ತುವುದು ನಿದ್ದೆಯಲ್ಲೂ ಬರುವಂತಾದ ಮೇಲೆ, ವಾರದ ನಡುವೆ ಒಂದು ದಿನ ಹೋಗಿ.

ಹಾಗಾದರೆ ಎಲ್ಲಿಗೆ? ನಾನು ಹೇಳುವ ದಾರಿ ಇದು: ಹಾಸನ, ದೊಡ್ಡಗದ್ದವಳ್ಳಿ, ಬೆಳವಾಡಿ, ಹಳೇಬೀಡು, ಮತ್ತೆ ಹಾಸನ. ಬೇಲೂರನ್ನು ಬೇಕೆಂದೇ ಬಿಟ್ಟಿದ್ದೇನೆ. ನೀವು ಅದನ್ನು ನೆಂಟರ ಜೊತೆ ಹಲವು ಸಲ ನೋಡಿರುತ್ತೀರಿ, ಮುಂದೆಯೂ ನೋಡುತ್ತೀರಿ. ಒಬ್ಬರೇ ಹೋದಾಗ ಮಾತ್ರ ಸಾಧ್ಯವಾಗುವ ಕೆಲಸವೊಂದಿದೆ: ಯಾರಿಗೂ ಬೇಸರವಾದೀತು ಎಂಬ ಹಂಗಿಲ್ಲದೆ ಒಂದು ಕಂಬದ ಎದುರು ಅರ್ಧ ಗಂಟೆ ನಿಲ್ಲುವುದು. ಅದಕ್ಕೆ ಜನಜಂಗುಳಿ ಇಲ್ಲದ ಜಾಗ ಬೇಕು.

ದೊಡ್ಡಗದ್ದವಳ್ಳಿ ಹಾಸನದಿಂದ ಸುಮಾರು 20 ಕಿಲೋಮೀಟರು, ಬೇಲೂರು ರಸ್ತೆಯಿಂದ ಒಳಕ್ಕೆ ತಿರುಗಬೇಕು. ಏಳೂವರೆಗೆ ಮನೆ ಬಿಟ್ಟರೆ ನಿಧಾನವಾಗಿ ಹೋದರೂ ಎಂಟೂಕಾಲಿಗೆ ಅಲ್ಲಿರುತ್ತೀರಿ. ಊರಾಚೆ ಕೆರೆ, ತೆಂಗಿನ ಮರ, ಪ್ರಾಕಾರದೊಳಗೆ ಲಕ್ಷ್ಮೀದೇವಿ ದೇವಸ್ಥಾನ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಈ ಗುಡಿ ಅದಕ್ಕೂ ಮೂರ್ನಾಲ್ಕು ವರ್ಷ ಮೊದಲಿನದು. ಕಟ್ಟಿಸಿದವರು ರಾಜರಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿಗಳು ಒಂದೇ ನಡುಮಂಟಪಕ್ಕೆ ತೆರೆದುಕೊಳ್ಳುವ ಇಂಥ ಚತುಷ್ಕೂಟ ಹೊಯ್ಸಳರಲ್ಲಿ ತೀರ ಅಪರೂಪ. ಹೊರಗೋಡೆಗಳಲ್ಲಿ ಬೇಲೂರಿನ ದಟ್ಟ ಕೆತ್ತನೆ ಇಲ್ಲ. ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಳ ಕದಂಬ ಬಗೆಯವು, ಒಂದನ್ನು ಮಾತ್ರ ಅಲಂಕರಿಸಿದ್ದಾರೆ. ಯಾವುದು ಎಂದು ಸುತ್ತು ಹಾಕಿ ನೀವೇ ಕಂಡುಹಿಡಿಯಿರಿ. ಒಳಗೆ ಕಾಳಿಯ ಗುಡಿಯ ಬಾಗಿಲ ಇಕ್ಕೆಲಗಳಲ್ಲಿ ಎಲುಬಿನ ಹಂದರವಾದ ಬೇತಾಳಗಳು ನಿಂತಿವೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. 2020ರ ನವೆಂಬರಿನಲ್ಲಿ ಇಲ್ಲಿನ ಕಾಳಿಯ ವಿಗ್ರಹ ಒಡೆದುಬಿದ್ದದ್ದು ಕಂಡುಬಂದಾಗ ನಮ್ಮ ಜಿಲ್ಲೆಯ ಎಷ್ಟೋ ಜನರಿಗೆ ಸಂಕಟವಾಯಿತು. ಇಂಥ ಗುಡಿಗಳಿಗೆ ನಮ್ಮವರೇ ಹೋಗಿಬರುತ್ತಿದ್ದರೆ ಕಾಯುವ ಕಣ್ಣುಗಳೂ ಹೆಚ್ಚುತ್ತವೆ ಎಂಬುದು ನನ್ನ ನಂಬಿಕೆ.

ಅಲ್ಲಿಂದ ಮತ್ತೆ ಬೇಲೂರು ರಸ್ತೆಗೆ ಬಂದು ಹಗರೆಯಲ್ಲಿ ಹಳೇಬೀಡಿನ ಕಡೆ ತಿರುಗಿ. ಹಳೇಬೀಡು ಬಂದಾಗ ನಿಲ್ಲಬೇಡಿ, ನೇರ ಬೆಳವಾಡಿಗೆ ಹೋಗಿ. ಇನ್ನು ಹತ್ತು ಹನ್ನೆರಡು ಕಿಲೋಮೀಟರು, ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಊರು. ಈ ಕ್ರಮಕ್ಕೆ ಕಾರಣವಿದೆ. ಬೆಳವಾಡಿಯ ವೀರನಾರಾಯಣನಿಗೆ ನಿತ್ಯ ಪೂಜೆ ಇದೆ. ಪೂಜೆಯಿರುವ ಗುಡಿಗಳ ಬಾಗಿಲು ಮಧ್ಯಾಹ್ನದ ಹೊತ್ತು ಮುಚ್ಚುವುದು ವಾಡಿಕೆ, ಆದ್ದರಿಂದ ಹನ್ನೊಂದರೊಳಗೆ ಅಲ್ಲಿರುವುದು ಒಳ್ಳೆಯದು. ಹಳೇಬೀಡಿನ ಹೊಯ್ಸಳೇಶ್ವರನದು ಬೇರೆ ಲೆಕ್ಕ. ಅಲ್ಲಿನ ಗರ್ಭಗುಡಿಗಳ ಮುಖ ಪೂರ್ವಕ್ಕೆ, ಅತ್ಯುತ್ತಮ ಶಿಲ್ಪಗಳಲ್ಲಿ ಬಹುಪಾಲು ಹಿಂದಿನ ಪಶ್ಚಿಮದ ಗೋಡೆಯಲ್ಲಿವೆ. ಬೆಳಿಗ್ಗೆ ಹೋದರೆ ಆ ಗೋಡೆ ನೆರಳಲ್ಲಿ ಮಂಕಾಗಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಓರೆಬಿಸಿಲು ಬಿದ್ದಾಗ ಆನೆ, ಸಿಂಹ, ಬಳ್ಳಿ, ಕುದುರೆಗಳ ಸಾಲುಗಳು ಒಂದರ ಮೇಲೊಂದು ಎದ್ದು ಕಾಣುತ್ತವೆ. ಗುಂಪಿನಲ್ಲಿ ಬಂದವರಿಗೆ ಬಸ್ಸು ನಿಂತ ಹೊತ್ತೇ ಹೊತ್ತು. ನಿಮಗೆ ಹಾಗಿಲ್ಲವಲ್ಲ, ಬೆಳಕು ನೋಡಿಕೊಂಡು ಹೋಗಿ.

ಬೆಳವಾಡಿಯಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಮೂವರಿಗೂ ಒಂದೊಂದು ಗುಡಿ. ಮೂರೂ ವಿಗ್ರಹಗಳು ಕಣ್ಣು ತುಂಬುವಂಥವು. ಆದರೆ ನಾನು ನಿಮ್ಮನ್ನು ಅಲ್ಲಿಗೆ ಕಳಿಸುತ್ತಿರುವುದು ಮಂಟಪದ ಕಂಬಗಳಿಗಾಗಿ. ಬಳಪದ ಕಲ್ಲನ್ನು ಚರಕಿಗೆ ಕೊಟ್ಟು ತಿರುಗಿಸಿ ಮಾಡಿದ ದುಂಡು ಕಂಬಗಳು ಸಾಲುಸಾಲಾಗಿವೆ. ಒಂದು ಕಂಬದ ಪಕ್ಕದಲ್ಲಿ ಕುಳಿತು ಕಣ್ಣನ್ನು ಅದರ ನಡುಭಾಗದ ಮಟ್ಟಕ್ಕೆ ತನ್ನಿ. ಮೇಲೆ ಗಂಟೆಯಾಕಾರದ ಉಬ್ಬು, ಕೆಳಗೆ ಬಳೆಯ ಹಾಗೆ ತೆಳುವಾದ ಅಂಚುಗಳು, ಅವುಗಳ ನಡುವೆ ಕತ್ತರಿಸಿದ ಸಂದುಗಳು. ಹೊಳಪು ಕೊಟ್ಟ ಉಬ್ಬಿನಲ್ಲಿ ಮಂಟಪದ ಹೊರಗಿನ ಬಯಲು, ಬಾಗಿಲ ಬೆಳಕು, ನೀವು, ಎಲ್ಲ ಸಣ್ಣದಾಗಿ ಕಾಣಿಸುತ್ತೀರಿ. ಎಂಟು ನೂರು ವರ್ಷದ ಕಲ್ಲು! ಇಂಥದೇ ಹೊಳಪಿನ ಕಂಬಗಳನ್ನು ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲೂ ನೋಡುತ್ತೀರಿ. ಅದು 1133ರದು, ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು. ಹೊಯ್ಸಳೇಶ್ವರನ ಮುಂದೆ ಎಷ್ಟೇ ನೂಕುನುಗ್ಗಲಿದ್ದರೂ ಬಸದಿಯ ಕಡೆ ಬರುವವರು ಕೆಲವರೇ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಭಾನುವಾರದ ಜನ ಇನ್ನೂ ಹೆಚ್ಚಿದ್ದಾರೆ. ನಿಮಗೆ ರಜೆ ಹೊಂದುವುದಾದರೆ ಭಾನುವಾರಕ್ಕಿಂತ ಮಂಗಳವಾರ, ಬುಧವಾರ ಮೇಲು. ಶುಕ್ರವಾರ ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ರಜೆ.

ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಹಳೇಬೀಡಿನ ಹಾಸುಗಲ್ಲು ಅಂಗಾಲು ಸುಡುತ್ತದೆ, ಚಪ್ಪಲಿ ಹೊರಗೆ ಬಿಡಬೇಕು. ಊಟಕ್ಕೆ ಬುತ್ತಿ ಒಳ್ಳೆಯದು. ಇಲ್ಲದಿದ್ದರೆ ದೇವಸ್ಥಾನದ ಎದುರೇ ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾ ಇದೆ. ಹೆಂಗಸರು ಒಬ್ಬರೇ ಹೊರಟಾಗ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಶೌಚಾಲಯದ್ದು. ಇಡೀ ದಿನ ನೀರು ಕುಡಿಯದೆ ತಲೆನೋವು ತಂದುಕೊಳ್ಳುವವರನ್ನು ನೋಡಿ ಹೇಳುತ್ತಿದ್ದೇನೆ, ಚೆನ್ನಾಗಿ ನೀರು ಕುಡಿಯಿರಿ. ಹೊರಡುವಾಗ ಹಾಸನದ ಪೆಟ್ರೋಲ್ ಬಂಕ್, ಮಧ್ಯಾಹ್ನ ಹಳೇಬೀಡು, ಹೀಗೆ ಎಲ್ಲೆಲ್ಲಿ ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಆ ಚಿಂತೆ ಇರುವುದಿಲ್ಲ.

ಈಗ ಕಾರಿನ ಮಾತು. ನಿಮ್ಮ ಭಯದಲ್ಲಿ ಮುಕ್ಕಾಲು ಪಾಲು ಚಕ್ರದ್ದೇ ಎಂದು ಊಹಿಸುತ್ತೇನೆ, ಏಕೆಂದರೆ ದಾರಿಯಲ್ಲಿ ಕೈಕೊಡುವುದರಲ್ಲಿ ಪಂಕ್ಚರ್ ಮೊದಲನೆಯದು. ಹೋಗುವ ಹಿಂದಿನ ಭಾನುವಾರ ಮನೆಯ ಮುಂದಿನ ಸಮತಟ್ಟು ನೆಲದಲ್ಲಿ ಒಂದು ಚಕ್ರವನ್ನು ನೀವೇ ಬಿಚ್ಚಿ ಹಾಕಿ. ಯಜಮಾನರು ಪಕ್ಕದಲ್ಲಿ ನಿಲ್ಲಲಿ, ಕೈ ಹಾಕುವುದು ಬೇಡ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿನಲ್ಲಿಟ್ಟು, ಬಿಚ್ಚುವ ಚಕ್ರಕ್ಕೆ ಎದುರುಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಏರಿಸುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಕಾರು ಮೇಲೆದ್ದ ಮೇಲೆ ಬಲ ಹಾಕಿದರೆ ಅದು ಜಾಕಿನಿಂದ ಜಾರೀತು. ಸ್ಪ್ಯಾನರ್ ಹಿಡಿಕೆ ನಿಮ್ಮ ಎಡಕ್ಕೆ ನೆಲಕ್ಕೆ ಸಮಾನಾಂತರವಾಗಿ ಬರುವಂತೆ ನಟ್ಟಿಗೆ ಕೂರಿಸಿ, ಕಾರನ್ನು ಹಿಡಿದುಕೊಂಡು ಹಿಡಿಕೆಯ ತುದಿಯ ಮೇಲೆ ಪಾದವಿಟ್ಟು ಮೈಭಾರ ಬಿಡಿ. ತೋಳಿನ ಬಲ ಸಾಲದವರಿಗೂ ಮೈಭಾರ ಸಾಲುತ್ತದೆ. ಅಷ್ಟಕ್ಕೂ ಕದಲದಿದ್ದರೆ ಟೈರ್ ಅಂಗಡಿಯಲ್ಲಿ ಗಾಳಿಯ ಯಂತ್ರದಿಂದ ಅತಿಯಾಗಿ ಬಿಗಿದಿದ್ದಾರೆ ಎಂದರ್ಥ. ಅಂಗಡಿಗೆ ಹೋಗಿ ಸಡಿಲಿಸಿ ಕೈಯಿಂದ ಬಿಗಿಸಿಕೊಂಡು ಬನ್ನಿ. ಇದು ಮನೆಯಲ್ಲಿ ಗೊತ್ತಾಗಬೇಕು, ಬೆಳವಾಡಿ ರಸ್ತೆಯಲ್ಲಿ ಅಲ್ಲ. ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ; ವರ್ಷಗಟ್ಟಲೆ ಮುಟ್ಟದೆ ಡಿಕ್ಕಿಯಲ್ಲಿ ಬಿದ್ದ ಸ್ಟೆಪ್ನಿ ಬೇಕಾದ ದಿನ ಮೆತ್ತಗಿರುತ್ತದೆ. ಎಷ್ಟು ಗಾಳಿ ಬೇಕೆಂಬುದು ಚಾಲಕರ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲಿದೆ. ಟೈರ್ ತಣ್ಣಗಿದ್ದಾಗಲೇ ಅಳತೆ ಮಾಡಿಸಿ. ವಿಮೆಯಲ್ಲಿ ರಸ್ತೆಬದಿಯ ನೆರವು ಸೇರಿದೆಯೇ ನೋಡಿ, ಇದ್ದರೆ ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಕಾರಿನಲ್ಲಿಡಿ. ತುರ್ತಿಗೆ 112, ಆಂಬುಲೆನ್ಸಿಗೆ 108.

ಹಗರೆಯಿಂದ ಮುಂದೆ ರಸ್ತೆ ಕಿರಿದಾಗುತ್ತದೆ. ಬಸ್ಸು ಎದುರಾದಾಗ ಎಡಚಕ್ರಗಳನ್ನು ಡಾಂಬರಿನಿಂದ ಮಣ್ಣಿಗೆ ಇಳಿಸಬೇಕಾಗಬಹುದು. ಅಲ್ಲಿ ಅಂಚು ಅರ್ಧ ಅಡಿ ತಗ್ಗಿರುವುದೂ ಉಂಟು. ಹೊಸಬರು ಅಪಾಯಕ್ಕೆ ಸಿಲುಕುವುದು ಇಳಿದಾಗ ಅಲ್ಲ, ಗಾಬರಿಯಿಂದ ಸ್ಟಿಯರಿಂಗನ್ನು ಬಲಕ್ಕೆ ಎಳೆದಾಗ. ಟೈರ್ ಅಂಚಿಗೆ ಉಜ್ಜಿ, ಥಟ್ಟನೆ ಮೇಲೆ ಹಾರಿ, ಕಾರು ಎದುರು ಬದಿಗೆ ನುಗ್ಗಿಬಿಡುತ್ತದೆ. ಇಳಿದರೆ ಇಳಿಯಲಿ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಲರೇಟರಿನಿಂದ ಕಾಲು ತೆಗೆದು, ವೇಗ ನಡಿಗೆಯಷ್ಟಾದ ಮೇಲೆ ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿ ಮೆಲ್ಲಗೆ ಹತ್ತಿಸಿ. ಬಸ್ಸು ಬರುವುದು ದೂರದಲ್ಲೇ ಕಂಡರೆ ಅಗಲವಿರುವ ಕಡೆ ನಿಂತುಬಿಡುವುದು ಇನ್ನೂ ಸುಲಭ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ, ನೀವು ಅವಸರಪಡಬೇಕಾದ ಕಾರಣವಿಲ್ಲ.

ನವೆಂಬರಿನಿಂದ ಜನವರಿಯವರೆಗೆ ಹೋಗುವುದಾದರೆ ಇನ್ನೊಂದು ಎಚ್ಚರ ಬೇಕು. ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುವ ರೂಢಿ ನಮ್ಮ ಬಯಲುಸೀಮೆಯ ಕಡೆ ಇನ್ನೂ ಹೋಗಿಲ್ಲ. ಕಣ ಮಾಡಿಕೊಳ್ಳಲು ಜಾಗವಿಲ್ಲದ ರೈತರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಕಾರಿಗೆ ಅದು ಅಪಾಯವೇ. ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ. ಹುರುಳಿ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಹೊತ್ತಿಕೊಂಡ ಪ್ರಕರಣಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ಮೊದಲೇ ವೇಗ ತಗ್ಗಿಸಿ, ತೆಳುವಾಗಿರುವ ಬದಿಯಿಂದ ಹೋಗಿ, ರಾಶಿಯ ಮೇಲೆ ಯಾವತ್ತೂ ನಿಲ್ಲಿಸಬೇಡಿ. ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ತಕ್ಷಣ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಇಳಿದು ಬಗ್ಗಿ ನೋಡಿ. ಅದೇ ತಿಂಗಳುಗಳಲ್ಲಿ ಬೆಳಗಿನ ಮಂಜೂ ಇರುತ್ತದೆ. ಹೆಡ್‌ಲೈಟನ್ನು ಕೆಳಮಟ್ಟದಲ್ಲಿಡಿ, ಮೇಲ್ಮಟ್ಟದ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹಿಂದಿರುಗುತ್ತದೆ. ತುಂಬಾ ದಟ್ಟವಾಗಿದ್ದರೆ ಇನ್ನೊಂದು ಲೋಟ ಕಾಫಿ ಕುಡಿದು ಎಂಟೂವರೆಗೆ ಹೊರಡಿ.

ವಾಪಸು ಹೊರಡುವ ಹೊತ್ತನ್ನು ಮಾತ್ರ ಸಡಿಲಿಸಬೇಡಿ. ಹಳೇಬೀಡಿನಿಂದ ಹಾಸನಕ್ಕೆ ಮೂವತ್ತು ಕಿಲೋಮೀಟರು ಚಿಲ್ಲರೆ. ನಾಲ್ಕಕ್ಕೆ ಬಿಟ್ಟರೆ ದಾರಿಯಲ್ಲೊಂದು ಕಾಫಿಗೆ ನಿಂತರೂ ಐದೂವರೆಯೊಳಗೆ ಮನೆಯಲ್ಲಿರುತ್ತೀರಿ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆಗ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು, ಮನೆಗೆ ಮರಳುವ ದನಗಳು, ಬಣ್ಣ ಬಳಿಯದ ರಸ್ತೆಯುಬ್ಬುಗಳು ಯಾವುವೂ ಹೊಸಬರ ಕಣ್ಣಿಗೆ ಸಮಯಕ್ಕೆ ಬೀಳುವುದಿಲ್ಲ.

ಮನೆಯವರ ‘ಒಬ್ಬಳೇ ಯಾಕೆ’ಗೆ ವಾದ ಮಾಡುತ್ತಾ ಕೂರಬೇಡಿ. ಹೋಗುವ ಊರು, ಬಿಡುವ ಹೊತ್ತು, ಬರುವ ಹೊತ್ತು ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಅದನ್ನು ನೋಡಿದ ಮೇಲೆ ಅವರ ಅಳುಕು ಅರ್ಧ ಇಳಿಯುತ್ತದೆ. ಒಂದು ಊರು ತಲುಪಿದಾಗ ಒಂದು ಸಂದೇಶ, ಬಿಡುವಾಗ ಇನ್ನೊಂದು. ಅಷ್ಟರ ಮೇಲೆ ನಡುನಡುವೆ ಕರೆ ಮಾಡಬೇಡಿ ಎಂದು ಅವರಿಗೆ ಪ್ರೀತಿಯಿಂದಲೇ ಹೇಳಿ, ಚಾಲನೆಯಲ್ಲಿರುವವರಿಗೆ ಮೊಬೈಲ್ ಸದ್ದೇ ಒಂದು ಅಡ್ಡಿ. ನಕ್ಷೆಯನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ, ದಾರಿಯಲ್ಲಿ ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ.

‘ಒಬ್ಬರೇ ಬಂದಿರಾ?’ ಎಂಬ ಪ್ರಶ್ನೆ ದೊಡ್ಡಗದ್ದವಳ್ಳಿಯಲ್ಲೂ ಬರುತ್ತದೆ, ಬೆಳವಾಡಿಯಲ್ಲೂ ಬರುತ್ತದೆ. ಗುಡಿಯ ಜಗಲಿಯ ಮೇಲೆ ಕುಳಿತ ಅಜ್ಜಿ ಕೇಳಿದರೆ ಅದು ಅಕ್ಕರೆ. ‘ಹೌದಮ್ಮ, ಹಾಸನದಿಂದ ಬಂದೆ’ ಎಂದು ಪಕ್ಕದಲ್ಲಿ ಕೂರಿ, ನಾನು ಬರೆದದ್ದಕ್ಕಿಂತ ಹೆಚ್ಚಿನದನ್ನು ಆಕೆ ಹೇಳಿಯಾಳು. ಕಾರಿನ ಹತ್ತಿರ ಸುಮ್ಮನೆ ಸುಳಿಯುವ ಯಾರೋ ಕೇಳಿದರೆ ‘ನಮ್ಮವರು ಹಿಂದೆ ಬರುತ್ತಿದ್ದಾರೆ’ ಎಂದು ಬಾಗಿಲು ಹಾಕಿಕೊಂಡು ಹೊರಡಿ. ಯಾರ ಪ್ರಶ್ನೆ ಯಾವ ಬಗೆಯದು ಎಂದು ನಲವತ್ತಾರು ವರ್ಷ ಬದುಕಿದ ನಿಮಗೆ ನಾನು ಕಲಿಸಬೇಕಾಗಿಲ್ಲ.

ಈ ಸುತ್ತು ಮುಗಿಸಿ ಬಂದ ಮೇಲೆ ಮುಂದಿನದಕ್ಕೆ ಮೊಸಳೆಯ ಜೋಡಿ ಗುಡಿಗಳಿವೆ, 1173ರ ಕೋರವಂಗಲದ ಬೂಚೇಶ್ವರನಿದ್ದಾನೆ. ಎರಡೂ ಹಾಸನದ ಮಗ್ಗುಲಲ್ಲೇ. ಬೇಸಿಗೆಯಾದರೆ ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿಗೆ ಹೋಗಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚಿನ ಅವಶೇಷ ಆಗ ನೀರಿನಿಂದ ಪೂರ್ತಿ ಹೊರಗಿರುತ್ತದೆ. ಅಲ್ಲಿ ಎಲ್ಲರೂ ಕಾರನ್ನು ಕೆರೆಯಂಗಳಕ್ಕೇ ಇಳಿಸುವುದನ್ನು ಕಂಡು ನೀವೂ ಇಳಿಸಬೇಡಿ. ಮೇಲೆ ಬಿರುಕುಬಿಟ್ಟು ಒಣಗಿದಂತೆ ಕಾಣುವ ಮಣ್ಣಿನ ಕೆಳಗೆ ಕೆಸರು ಹಸಿಯಾಗಿಯೇ ಇರುತ್ತದೆ. ಚಕ್ರ ಹೂತರೆ ಆಕ್ಸಲರೇಟರ್ ಒತ್ತಿದಷ್ಟೂ ಇನ್ನೂ ಇಳಿಯುತ್ತದೆ, ಆಮೇಲೆ ಟ್ರ್ಯಾಕ್ಟರ್ ಹುಡುಕಬೇಕು. ಗಟ್ಟಿ ರಸ್ತೆಯ ಬದಿಯಲ್ಲಿ, ವಾಪಸು ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಉಳಿದ ದೂರ ನಡೆದುಕೊಂಡು ಹೋಗಿ.